ಲೆವಾಂತೆಯ ಚುಕ್ಕಾಣಿಗಾರ ಸಾಯುವಾಗ ಹೇಳಿದ್ದು

ಈ ಚಳಿಗಾಲ ಭಾನುವಾರ ಸಂಜೆಯಾಯಿತೆಂದರೆ ನಮ್ಮ ಕ್ವಾದ್ರಾರೋ ಬಡಾವಣೆಯ ಬೀದಿಗಳು ಖಾಲಿ. ಟಿವಿಯಲ್ಲಿ ಕ್ಯಾಪ್ಟನ್ ಲೆವಾಂತೆ ಬರುತ್ತಾನೆ. ತನ್ನ ದ್ವೀಪವನ್ನು ಕಿತ್ತುಕೊಂಡವರ ಮೇಲೆ ಹಗೆ ತೀರಿಸಿಕೊಳ್ಳಲು ಕಡಲುಗಳ್ಳನಾದ ರಾಜಕುಮಾರ ಅವನು. ನಮ್ಮ ಅಪ್ಪಂದಿರು ಅವನ ಕಥೆಯನ್ನು ವಾರಕ್ಕೊಮ್ಮೆ ಬರುತ್ತಿದ್ದ ತೆಳು ಪುಸ್ತಕಗಳಲ್ಲಿ ಓದಿದರು. ನಾವು ಚರ್ಚಿನ ಸಭಾಂಗಣದ ಮರದ ಕುರ್ಚಿಗಳ ಮೇಲೆ ಕೂತು ಸಿನಿಮಾದಲ್ಲಿ ನೋಡಿದೆವು. ಈಗಿನ ಮಕ್ಕಳು ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಟಿವಿಯಲ್ಲಿ ನೋಡುತ್ತಾರೆ. ಸೋಮವಾರ ಬೆಳಗಾದರೆ ನಮ್ಮ ವಠಾರದ ತುಂಬ, ಅಮ್ಮಂದಿರ ಅಡುಗೆಮನೆಯ ಬಟ್ಟೆಯನ್ನು ತಲೆಗೆ ಕಟ್ಟಿಕೊಂಡು ಪೊರಕೆ ಹಿಡಿದು ಹೊಡೆದಾಡುವ ಕಡಲುಗಳ್ಳರು.

ವಠಾರದಲ್ಲಿ ಟಿವಿ ಇಲ್ಲದಿರುವುದು ಅಸ್ಸುಂತಾಳ ಮನೆಯಲ್ಲಿ ಮಾತ್ರ. ಆದರೂ ಅವಳು ಪ್ರತಿ ಸೋಮವಾರ ನಾನು ಇಸ್ತ್ರಿ ಪೆಟ್ಟಿಗೆ ಬಿಸಿಗಿಡುವ ಹೊತ್ತಿಗೆ ಬಂದು ಬಾಗಿಲಲ್ಲಿ ನಿಲ್ಲುತ್ತಾಳೆ.

"ಚುಕ್ಕಾಣಿಗಾರ ಸತ್ತನಾ?"

"ಇಲ್ಲ, ಇನ್ನೂ ಇಲ್ಲ," ಎಂದು ನಾನು ಅವಳ ಕಡೆ ತಿರುಗಿ ನಿಧಾನವಾಗಿ ಹೇಳುತ್ತೇನೆ. ಅವಳಿಗೆ ಕಿವಿ ಕೇಳುವುದಿಲ್ಲ. ತುಟಿ ನೋಡಿ ಮಾತು ಓದಿಕೊಳ್ಳುತ್ತಾಳೆ.

"ಸಾಯೋ ವಾರ ಮರೀದೆ ಹೇಳು ಕ್ಲೇಲಿಯಾ," ಎಂದು ಹೊರಟುಹೋಗುತ್ತಾಳೆ.

ಹೊಸದಾಗಿ ವಠಾರಕ್ಕೆ ಬಂದವರು ಇದೇನೆಂದು ನನ್ನನ್ನು ಕೇಳಿದ್ದಾರೆ. ಬರೆದಿಡು ಎಂದು ಅಸ್ಸುಂತಾಳೇ ಒಮ್ಮೆ ಹೇಳಿದ್ದಳು. ಅದಕ್ಕೇ ಬರೆಯುತ್ತಿದ್ದೇನೆ.

ಅಸ್ಸುಂತಾಳಿಗೆ ಏಳನೆಯ ವಯಸ್ಸಿನಲ್ಲಿ ಕೆಂಪು ಜ್ವರ ಬಂದು ಕಿವಿ ಹೋಯಿತು. ಕನ್ಯಾಸ್ತ್ರೀಯರ ಶಾಲೆಯಲ್ಲಿ ತುಟಿ ಓದುವುದನ್ನು ಕಲಿತಳು. ಮಾತು ಮರೆತಿರಲಿಲ್ಲ, ಆದರೆ ತನ್ನ ದನಿ ತನಗೇ ಕೇಳದ್ದರಿಂದ ಏರಿಳಿತವಿಲ್ಲದೆ, ಒಮ್ಮೊಮ್ಮೆ ಬೀದಿಗೆಲ್ಲ ಕೇಳುವಷ್ಟು ಜೋರಾಗಿ ಆಡುತ್ತಿದ್ದಳು. ಗಂಡ ಓರೆಸ್ತೆ ಸಿನಿಮಾ ಎಕ್ಸ್‌ಟ್ರಾ. ಸ್ಟುಡಿಯೋ ನಮ್ಮ ದೊಡ್ಡ ರಸ್ತೆಯ ತುದಿಯಲ್ಲೇ ಇರುವುದರಿಂದ ಆ ಕಾಲದಲ್ಲಿ ಬಡಾವಣೆಯ ಅರ್ಧ ಗಂಡಸರು ಒಂದಲ್ಲ ಒಂದು ದಿನ ರೋಮನ್ ಸೈನಿಕರೋ ಕಡಲುಗಳ್ಳರೋ ಆದವರೇ. ಬೆಳಗಿನ ಜಾವ ಮೇಸ್ತ್ರಿಯ ಲಾರಿ ಬೀದಿ ಮೂಲೆಯಲ್ಲಿ ನಿಂತು ಹಾರ್ನ್ ಹೊಡೆಯುತ್ತಿತ್ತು. ಓಡಿ ಬಂದವರಿಗೆ ಕೆಲಸ, ತಡಮಾಡಿದವರಿಗೆ ಇಲ್ಲ.

ಓರೆಸ್ತೆ ಎತ್ತರದ ಆಳು, ಬೀಳುವುದರಲ್ಲಿ ನಿಸ್ಸೀಮ. ಹಡಗಿನ ಕಂಬದಿಂದ, ಏಣಿಯಿಂದ, ಕೋಟೆ ಗೋಡೆಯಿಂದ ಬಿದ್ದು ಸಾಯುತ್ತಿದ್ದ. ಕಡಲುಗಳ್ಳರು ಬಿಸಿಲಲ್ಲಿ ಬೆಂದವರಂತೆ ಕಾಣಬೇಕೆಂದು ಅವರ ಮೈಗೆ ಆಕ್ರೋಟು ಸಿಪ್ಪೆಯ ಕಷಾಯ ಬಳಿಯುತ್ತಿದ್ದರು. ಆ ಬಣ್ಣ ಸೋಪಿಗೂ ಬಿಡದು. ಭಾನುವಾರದ ಪೂಜೆಯಲ್ಲಿ ಅವನ ಬಿಳಿ ಕಾಲರಿನ ಮೇಲೆ ಕಂದು ಕುತ್ತಿಗೆ ಎದ್ದು ಕಾಣುತ್ತಿತ್ತು.

"ಓರೆಸ್ತೆ, ಈ ವಾರ ಎಷ್ಟು ಸಲ ಸತ್ತೆ?" ಎಂದು ನಮ್ಮ ಗುರುಗಳು ದೋನ್ ಪ್ಲಾಚಿದೋ ಚರ್ಚಿನ ಮೆಟ್ಟಿಲ ಮೇಲೆ ಕೇಳುತ್ತಿದ್ದರು.

"ಎರಡೇ ಸಲ, ಗುರುಗಳೇ. ಒಂದು ಸಲ ಪಾಪನಿವೇದನೆಗೂ ಪುರುಸೊತ್ತು ಕೊಡ್ಲಿಲ್ಲ."

ಮೊದಲ ಲೆವಾಂತೆ ಸಿನಿಮಾ ಕಪ್ಪು ಬಿಳುಪಿನದು. ಅದು ಚರ್ಚಿನ ಸಭಾಂಗಣಕ್ಕೆ ಬಂದ ಭಾನುವಾರವನ್ನು ನಾನು ಮರೆಯುವುದಿಲ್ಲ. ನಮ್ಮಲ್ಲಿ ಸಿನಿಮಾ ತೆಗೆಯುವಾಗ ದನಿ ಹಿಡಿಯುತ್ತಿರಲಿಲ್ಲ. ಮಾತನ್ನೆಲ್ಲ ಆಮೇಲೆ ಡಬ್ಬಿಂಗ್ ಕೋಣೆಯಲ್ಲಿ ಬೇರೆಯವರು ಸೇರಿಸುತ್ತಿದ್ದರು. ಅದಕ್ಕೇ ಮಾತು ಬಾಯಿಪಾಠ ಬಾರದ ನಟರಿಗೆ ಸುಮ್ಮನೆ ಅಂಕಿ ಎಣಿಸಿರಿ, ತುಟಿ ಅಲ್ಲಾಡಿದರೆ ಸಾಕು ಎನ್ನುತ್ತಿದ್ದರು. ನಮಗೆ ಇದೆಲ್ಲ ಎಲ್ಲಿ ಗೊತ್ತಾಗಬೇಕು? ನಾಯಕಿ ಲೆವಾಂತೆಯ ಕೈ ಹಿಡಿದು, "ನೀವಿಲ್ಲದೆ ಈ ಕಡಲು ನನಗೆ ಬರಿಯ ಉಪ್ಪುನೀರು," ಎಂದು ಗದ್ಗದಿಸಿದಾಗ ಸಭಾಂಗಣದ ಹೆಂಗಸರೆಲ್ಲ ಕರ್ಚೀಫು ತೆಗೆದೆವು. ಆಗ ಅಸ್ಸುಂತಾ ಕಿಸಕ್ಕನೆ ನಕ್ಕಳು.

"ಏನೇ?" ಎಂದು ನಾನು ಅವಳ ಭುಜ ಹಿಡಿದು ತಿರುಗಿಸಿ ಕೇಳಿದೆ.

"ನಲವತ್ತೊಂದು, ನಲವತ್ತೆರಡು, ನಲವತ್ಮೂರು ಅಂತಿದಾಳೆ ಕಣೇ!" ಎಂದಳು. ಅವಳ ದನಿ ಇಡೀ ಸಭಾಂಗಣಕ್ಕೆ ಕೇಳಿಸಿತು.

ಅಂದಿನಿಂದ ಮಕ್ಕಳೆಲ್ಲ ಅವಳ ಸುತ್ತ ಕೂರಲು ಜಗಳವಾಡತೊಡಗಿದರು. ಗವರ್ನರ್ ಶಾಪ ಹಾಕುವಾಗ, "ಊಟದ ಬುಟ್ಟಿ ಯಾವಾಗ ಬರುತ್ತೋ ಅಂತಿದಾನೆ," ಎನ್ನುವಳು. ಮಕ್ಕಳು ಬಿದ್ದು ಬಿದ್ದು ನಗುವರು. "ಸೋರಾ ಅಸ್ಸುಂತಾ, ದುಃಖದ ಜಾಗದಲ್ಲಾದರೂ ಸುಮ್ಮನಿರಿ ಅಂದರೆ!" ಎಂದು ದೋನ್ ಪ್ಲಾಚಿದೋ, ನಮ್ಮ ಕಡೆ ಹೆಂಗಸರನ್ನು ಕರೆಯುವ ಮರ್ಯಾದೆಯಲ್ಲೇ, ಪ್ರೊಜೆಕ್ಟರಿನ ಕಿಂಡಿಯಿಂದ ಗದರಿಸಿ, ಆಮೇಲೆ ಈ ಗದರಿಕೆ ಅವಳಿಗೆ ಕೇಳಿಸದೆಂದು ನೆನಪಾಗಿ ತಾವೂ ನಗುವರು.

ಓರೆಸ್ತೆಯ ಹೆಣ ಪರದೆಯ ಮೇಲೆ ಬಂದಾಗ ಅಸ್ಸುಂತಾ ತೊಡೆಯ ಮೇಲಿದ್ದ ಮಗನನ್ನು ಎತ್ತಿ ಹಿಡಿದು ತೋರಿಸುತ್ತಿದ್ದಳು. ಮಗನ ಹೆಸರು ಈವೋ. ಆ ಹೆಸರನ್ನು ಆರಿಸಿದವಳು ಅವಳೇ. ಮೇಲಿನ ಹಲ್ಲು ಕೆಳತುಟಿಯನ್ನು ಮುಟ್ಟಿ, ಆಮೇಲೆ ತುಟಿ ಗುಂಡಗಾಗುತ್ತದೆ. ಅಂಗಳದ ಆಚೆ ಕೊನೆಯಲ್ಲಿ ಯಾರು ಕರೆದರೂ ತನಗೆ ಕಾಣಿಸುತ್ತದೆ ಎಂದು. ಬೇರೆ ಯಾವ ಮಾತು ಒಡೆದರೂ ಆ ಹೆಸರು ಮಾತ್ರ ಅವಳ ಬಾಯಲ್ಲಿ ನಮ್ಮೆಲ್ಲರಷ್ಟೇ ಸ್ಪಷ್ಟವಾಗಿ ಬರುತ್ತಿತ್ತು.

ಈವೋಗೆ ಮೂರು ತುಂಬಿದ ಮೇಲಿನ ವಸಂತ. ಬೆಳಿಗ್ಗೆ ಓರೆಸ್ತೆ ಹಾರ್ನ್ ಕೇಳಿ ಲಾರಿಗೆ ಓಡಿದ. ಅಸ್ಸುಂತಾ ಬ್ರೆಡ್ಡು ಹಾಲು ತರಲು ಹೋಗಿ, ಎರಡೂ ಕೈ ತುಂಬಿಕೊಂಡು ಬಂದು, ಅಂಗಳದ ಕಬ್ಬಿಣದ ಗೇಟನ್ನು ಸೊಂಟದಿಂದ ನೂಕಿ ಒಳಬಂದಳು. ಆಮೇಲೆ ಒಗೆಯುವ ತೊಟ್ಟಿಯ ಮುಂದೆ, ಗೇಟಿಗೆ ಬೆನ್ನು ಮಾಡಿ ನಿಂತಳು. ಎದ್ದು ಬಂದ ಮಗು ಅವಳ ಹಿಂದೆ ಆಡುತ್ತಿತ್ತು. ಸ್ವಲ್ಪ ಹೊತ್ತಿಗೆ ಮೇಲಿನ ಮನೆಯ ಮುದುಕಿ ಕಿಟಕಿಗೆ ಬಂದು ನೋಡುತ್ತಾಳೆ, ಮಗು ರಸ್ತೆಯಲ್ಲಿದೆ, ಬೆಟ್ಟದ ಊರುಗಳ ಕಡೆಯಿಂದ ಟ್ರಾಮು ಬರುತ್ತಿದೆ. ಮುದುಕಿ ಗಂಟಲು ಹರಿಯುವಂತೆ ಕೂಗಿದಳು. ಬೀದಿಯವರೆಲ್ಲ ಹೊರಗೆ ಬಂದರು. ಅಸ್ಸುಂತಾ ಹಾಸಿಗೆಯ ಬಟ್ಟೆ ಹಿಂಡುತ್ತಲೇ ಇದ್ದಳು.

ಸ್ಟುಡಿಯೋದಿಂದ ಓರೆಸ್ತೆಯನ್ನು ಹಾಗೇ ಕರೆತಂದರು. ಬರಿಗಾಲು, ಹರಿದ ಚಡ್ಡಿ, ಕುತ್ತಿಗೆಗೆ ಕಟ್ಟಿದ ಕೆಂಪು ವಸ್ತ್ರ, ಕೆನ್ನೆಯ ಮೇಲೆ ಇನ್ನೂ ಒಣಗದೆ ಕಣ್ಣೀರಿಗೆ ಇಳಿದ ಕಂದು ಬಣ್ಣ. ಆ ವೇಷದಲ್ಲೇ ಮಗುವಿನ ಪಕ್ಕ ಕೂತ.

ಗೇಟು ತೆರೆದಿಟ್ಟವರು ಯಾರೆಂದು ಯಾರೂ ಬಾಯಿಬಿಟ್ಟು ಕೇಳಲಿಲ್ಲ. ಕೇಳಬೇಕಾಗಿಯೂ ಇರಲಿಲ್ಲ. ಎಲ್ಲರಿಗಿಂತ ಕೊನೆಗೆ ಒಳಬಂದವಳು ಅಸ್ಸುಂತಾ. ಕೈತುಂಬ ಸಾಮಾನಿದ್ದಾಗ ಅಗುಳಿ ಹಾಕುವುದನ್ನು ಯಾರಾದರೂ ಮರೆಯುತ್ತಾರೆ. ನಾವೆಲ್ಲ ಹಾಗೆಯೇ ತಿಳಿದೆವು. ಅವಳೂ ಹಾಗೆಯೇ ತಿಳಿದಳು.

"ಅಗುಳಿ ಹಾಕಿದ್ದೆನಾ ಇಲ್ವಾ, ನೆನಪೇ ಬರ್ತಿಲ್ಲ," ಎಂದು ನನ್ನ ಕೈ ಹಿಡಿದುಕೊಂಡು ಎಷ್ಟೋ ಸಲ ಕೇಳಿದಳು. "ಅವನೊಂದ್ಸಲ ನನ್ನ ಬೈದುಬಿಡ್ಲಿ. ನೀನೇ ಕೊಂದೆ ಅಂತ ಅಂದುಬಿಡ್ಲಿ. ನಾನು ಓದ್ಕೋತೀನಿ. ಅವನು ನನಗೆ ಮುಖ ಕೊಟ್ಟು ಮಾತಾಡೋದೇ ಬಿಟ್ಟಿದಾನೆ ಕಣೇ."

ಕಿವಿ ಕೇಳುವ ಹೆಂಡತಿಗೆ ಗಂಡ ಮುಖ ತಿರುಗಿಸಿದರೆ ಅದು ಮುನಿಸು. ಅಸ್ಸುಂತಾಳಿಗೆ ಮುಖ ತಿರುಗಿಸಿದರೆ ಮಾತೇ ಇಲ್ಲ. ಓರೆಸ್ತೆ ಅಷ್ಟಕ್ಕೇ ಬಿಡದೆ ಮೀಸೆ ಬೆಳೆಸಿದ. ಮೀಸೆಯಿದ್ದ ಕಡಲುಗಳ್ಳರಿಗೆ ಮೇಸ್ತ್ರಿ ಬೇಗ ಕೆಲಸ ಕೊಡುತ್ತಾನೆ ಎಂದ. ದಪ್ಪನೆಯ ಮೀಸೆ, ಬಾಯಿಯನ್ನು ಪೂರ್ತಿ ಮುಚ್ಚುವಂಥದು. ಅವನು ಏನಾದರೂ ಹೇಳಿದರೂ ಅವಳಿಗೆ ಗಲ್ಲ ಅಲ್ಲಾಡುವುದಷ್ಟೇ ಕಾಣುತ್ತಿತ್ತು. ಹಾಗೆಂದು ಕುಡಿಯಲಿಲ್ಲ, ಕೈ ಎತ್ತಲಿಲ್ಲ. ಎಕ್ಸ್‌ಟ್ರಾಗಳಿಗೆ ಕೊಡುವ ಊಟದ ಬುಟ್ಟಿಯಲ್ಲಿ ಬ್ರೆಡ್ಡು, ಬೇಯಿಸಿದ ಮೊಟ್ಟೆ, ಒಂದು ಕಿತ್ತಳೆ ಇರುತ್ತಿತ್ತು. ಕಿತ್ತಳೆಯನ್ನು ತಿನ್ನದೆ ತಂದು ಮೇಜಿನ ಮೇಲೆ ಅವಳ ತಟ್ಟೆಯ ಪಕ್ಕ ಇಟ್ಟು ಹೋಗುತ್ತಿದ್ದ. ಮೊದಲು ಈವೋಗೆ ತರುತ್ತಿದ್ದದ್ದು ಅದು.

ಪೂಜೆಗೆ ಬರುತ್ತಿದ್ದ, ಆದರೆ ಹಿಂದಿನ ಕಂಬದ ಮರೆಯಲ್ಲಿ ನಿಲ್ಲುತ್ತಿದ್ದ. ಪರಮಪ್ರಸಾದಕ್ಕೆ ಮುಂದೆ ಹೋಗುತ್ತಿರಲಿಲ್ಲ. ದೇವರ ಮೇಲೆ ಕೋಪ ಇರಬೇಕೆಂದು ನಾನು ಜಪಮಾಲೆ ಹಿಡಿದಾಗಲೆಲ್ಲ ಅವನಿಗಾಗಿ ಬೇಡುತ್ತಿದ್ದೆ. ಅಸ್ಸುಂತಾ ಮಾತಾಡುವುದನ್ನು ಕಡಿಮೆ ಮಾಡಿದಳು. ಸಿನಿಮಾಕ್ಕೆ ಬರುವುದನ್ನು ಬಿಟ್ಟಳು. ಮಗನ ಹೆಸರನ್ನಂತೂ ಮತ್ತೆ ಆಡಲೇ ಇಲ್ಲ.

ಹೀಗೇ ವರ್ಷಗಳು ಹೋದವು. ಎರಡನೆಯ ಲೆವಾಂತೆ ಸಿನಿಮಾ ಶುರುವಾಯಿತು, ಈ ಸಲ ಬಣ್ಣದ್ದು. ಲೆವಾಂತೆಯಾಗಿದ್ದವನು ಹೊರದೇಶದಿಂದ ಬಂದ ಒಬ್ಬ ಪೈಲ್ವಾನ. ಪುಸ್ತಕದಲ್ಲಿ ಒಬ್ಬ ನಿಷ್ಠಾವಂತ ಚುಕ್ಕಾಣಿಗಾರ ಇದ್ದಾನೆ. ಗುಂಡೇಟು ತಿಂದರೂ ಚುಕ್ಕಾಣಿ ಬಿಡದೆ ಹಡಗನ್ನು ದಡ ಸೇರಿಸಿ ಲೆವಾಂತೆಯ ತೋಳಲ್ಲಿ ಪ್ರಾಣ ಬಿಡುತ್ತಾನೆ. ಓದಿದವರೆಲ್ಲ ಅತ್ತ ಜಾಗ ಅದು. ಆ ಪಾತ್ರಕ್ಕೆ ಗೊತ್ತುಮಾಡಿದ್ದ ನಟ ಜ್ವರ ಬಂದು ಮಲಗಿದ. ಅಷ್ಟು ವರ್ಷ ಸತ್ತು ಅಭ್ಯಾಸವಿದ್ದ ಓರೆಸ್ತೆಯನ್ನು ನಿರ್ದೇಶಕರು ಕರೆದರು.

ಪುಸ್ತಕದ ಚುಕ್ಕಾಣಿಗಾರನಿಗೆ ಮೀಸೆಯಿಲ್ಲ. ಓರೆಸ್ತೆಯ ಮೀಸೆ ಬೋಳಿಸಿದರು. ಆ ಸಂಜೆ ಮಫ್ಲರನ್ನು ಮೂಗಿನವರೆಗೆ ಸುತ್ತಿಕೊಂಡು ಮನೆಗೆ ಬಂದ. ಹಲ್ಲುನೋವು ಎಂದ. ಮೀಸೆ ಮತ್ತೆ ತುಂಬುವವರೆಗೂ ಹಲ್ಲುನೋವು ಹೋಗಲಿಲ್ಲ.

"ನನಗೆ ತನ್ನ ಬಾಯಿ ತೋರಿಸೋಕೂ ಹೇಸಿಗೆ ಅವನಿಗೆ," ಎಂದಳು ಅಸ್ಸುಂತಾ ನನ್ನ ಹತ್ತಿರ.

ಮರುವರ್ಷ ಕ್ರಿಸ್ಮಸ್ ಕಳೆದ ಮೇಲೆ ಓರೆಸ್ತೆಗೆ ನ್ಯುಮೋನಿಯಾ ಆಯಿತು. ಆಸ್ಪತ್ರೆಯಲ್ಲಿ ಗುರುವಾರ ಮತ್ತು ಭಾನುವಾರ ಮಾತ್ರ ನೋಡಲು ಬಿಡುತ್ತಿದ್ದರು. ಅವನು ತೀರಿಕೊಂಡದ್ದು ಮಂಗಳವಾರ. ಕೊನೆಯ ಭಾನುವಾರ ಅವಳ ಕೈ ಹಿಡಿದುಕೊಂಡು ಮಲಗಿದ್ದನಂತೆ. "ಸಿನಿಮಾ ಬರುತ್ತಲ್ಲ ದೋನ್ ಪ್ಲಾಚಿದೋ ಹತ್ರ, ಹೋಗು," ಎಂದು ಬೆರಳಿನಿಂದ ಅವಳ ಅಂಗೈ ಮೇಲೆ ತಟ್ಟಿ ತಟ್ಟಿ ಹೇಳಿದನಂತೆ. ಮೀಸೆಯಡಿಯಿಂದ ಅವಳು ಓದಿಕೊಂಡ ಮಾತು ಅದೊಂದೇ. ತಾನು ದೊಡ್ಡ ಪಾತ್ರ ಮಾಡಿದ್ದನ್ನು ನೋಡಲಿ ಎಂಬ ಆಸೆ ಇರಬೇಕೆಂದು ನಾವಿಬ್ಬರೂ ತಿಳಿದೆವು.

ಪಟ್ಟಣದ ನಡುವಿನ ದೊಡ್ಡ ಚಿತ್ರಮಂದಿರಗಳಲ್ಲಿ ಓಡಿ, ಆಮೇಲೆ ಸಣ್ಣವುಗಳಲ್ಲಿ ಓಡಿ, ಗೀರು ಬಿದ್ದ ಪ್ರತಿ ನಮ್ಮ ಚರ್ಚಿಗೆ ಬರುವ ಹೊತ್ತಿಗೆ ಓರೆಸ್ತೆಯ ಮೊದಲ ವರ್ಷದ ಪೂಜೆಯೂ ಮುಗಿದಿತ್ತು. ಅಸ್ಸುಂತಾ ಬರುವುದಿಲ್ಲ ಎಂದಳು.

"ಹೋಗು ಅಂದಿದ್ದನಲ್ಲೇ," ಎಂದೆ.

ಕಪ್ಪು ಶಾಲು ತಲೆಗೆ ಹಾಕಿಕೊಂಡು ಬಂದು ನನ್ನ ಪಕ್ಕ ಕೂತಳು. ಬಾಗಿಲಲ್ಲಿ ಉಪ್ಪು ಹಚ್ಚಿದ ಕುಂಬಳ ಬೀಜ ಮಾರುತ್ತಿದ್ದ ಕುಂಟ ರೆಮೋ ಒಂದು ಪೊಟ್ಟಣವನ್ನು ಅವಳ ಕೈಗಿಟ್ಟು ದುಡ್ಡು ಬೇಡವೆಂದು ಕೈಯಾಡಿಸಿದ. ಅವನೂ ಒಂದು ಕಾಲದ ಎಕ್ಸ್‌ಟ್ರಾ, ಓರೆಸ್ತೆಯ ಜೊತೆಗಾರ. ಹಡಗಿನ ಕಂಬದಿಂದ ಬಿದ್ದು ಕಾಲು ಮುರಿದ ಮೇಲೆ ಈ ಕೆಲಸ ಹಿಡಿದಿದ್ದ.

ಸಿನಿಮಾದುದ್ದಕ್ಕೂ ಅಸ್ಸುಂತಾ ಕಲ್ಲಿನಂತೆ ಕೂತಿದ್ದಳು. ಮಕ್ಕಳು ಏನಂತಾರೆ ಏನಂತಾರೆ ಎಂದು ತಿವಿದರೂ ಬಾಯಿ ಬಿಡಲಿಲ್ಲ. ಚುಕ್ಕಾಣಿಗಾರ ಗುಂಡೇಟು ತಿಂದ. ಹಡಗು ದಡ ಸೇರಿತು. ಲೆವಾಂತೆ ಓಡಿಬಂದು ಅವನ ತಲೆಯನ್ನು ತೊಡೆಯ ಮೇಲೆ ತೆಗೆದುಕೊಂಡ. ಆಗ ಪರದೆಯ ತುಂಬ ಓರೆಸ್ತೆಯ ಮುಖ. ಮೀಸೆಯಿಲ್ಲದ ಮುಖ, ಕಣ್ಣಲ್ಲಿ ನೀರು. ತುಟಿ ಅಲ್ಲಾಡಿದವು. ನಮಗೆಲ್ಲ ಯಾರದೋ ಗಂಭೀರ ದನಿ ಕೇಳಿಸಿತು: "ಕ್ಯಾಪ್ಟನ್, ನಮ್ಮ ಬಾವುಟ ಕೆಳಗಿಳಿಯಲು ಬಿಡಬೇಡಿ..."

ಅಸ್ಸುಂತಾಳ ಉಗುರು ನನ್ನ ತೋಳಿನಲ್ಲಿ ಇಳಿಯಿತು. ಎದ್ದು ನಿಂತುಬಿಟ್ಟಳು. ಅಷ್ಟರಲ್ಲಿ ಓರೆಸ್ತೆಯ ಮುಖ ಹೋಗಿ ಲೆವಾಂತೆಯ ಮುಖ ಬಂತು. ಸಾಯುವವನ ದನಿ ಮಾತ್ರ ಮುಂದುವರಿಯುತ್ತಿತ್ತು, ಬಾಯಿ ಕಾಣುತ್ತಿರಲಿಲ್ಲ. ಮತ್ತೆ ಅವನನ್ನು ತೋರಿಸಿದಾಗ ಕಣ್ಣು ಮುಚ್ಚಿತ್ತು. ಮಕ್ಕಳೆಲ್ಲ ಚಪ್ಪಾಳೆ ತಟ್ಟಿದರು.

"ಇನ್ನೊಂದ್ಸಲ!" ಎಂದು ಅಸ್ಸುಂತಾ ಕತ್ತಲೆಯಲ್ಲಿ ಕೂಗಿದಳು. "ಇನ್ನೊಂದ್ಸಲ ಹಾಕಿ!"

ಆಟ ಮುಗಿದು ಜನ ಹೋದ ಮೇಲೆ ದೋನ್ ಪ್ಲಾಚಿದೋ ಆ ರೀಲನ್ನು ಸುತ್ತಿ ಮತ್ತೆ ಹಾಕಿದರು. ಅವಳು ಪರದೆಗೆ ಮೂಗು ತಾಗುವಷ್ಟು ಹತ್ತಿರ ಹೋಗಿ ನಿಂತಳು. ಗಂಡನ ಬಾಯಿ ಅವಳ ತಲೆಗಿಂತ ದೊಡ್ಡದಾಗಿತ್ತು. ಮತ್ತೊಮ್ಮೆ ಹಾಕಿಸಿದಳು. ದೀಪ ಹತ್ತಿದಾಗ ನಮ್ಮ ಕಡೆ ತಿರುಗಿದಳು.

"ಅಂಕಿ ಎಣಿಸ್ತಿಲ್ಲ ಅವನು," ಎಂದಳು. "ಅಸ್ಸುಂತಾ ಅಂತಾನೆ. ಈ..."

ಹಲ್ಲು ಕೆಳತುಟಿಯ ಮೇಲೆ ನಿಂತಿತು. ಹೆಸರು ಹೊರಬರಲಿಲ್ಲ.

"ಮಗು ಹೋದ ದಿನ ಗೇಟು ತೆರೆದಿಟ್ಟದ್ದು, ಅಂತಾನೆ. ಅಷ್ಟಕ್ಕೇ ಅವನ ಮುಖ ಹೋಗಿಬಿಡುತ್ತೆ. ಗುರುಗಳೇ, ಮುಂದಿಂದು ಎಲ್ಲಿ?"

"ಮುಂದಿನದು ಇಲ್ಲಮ್ಮ," ಎಂದರು ದೋನ್ ಪ್ಲಾಚಿದೋ, ಅವಳಿಗೆ ಕಾಣುವಂತೆ ಒಂದೊಂದೇ ಮಾತು ಬಿಡಿಸಿ. "ಅವರಿಗೆ ಬೇಕಾದ್ದಷ್ಟು ಇಟ್ಟುಕೊಂಡು ಉಳಿದದ್ದನ್ನ ಕತ್ತರಿಸಿ ಬಿಸಾಡ್ತಾರೆ."

ಆ ವಾರ ಅವಳು ಊಟ ಬಿಟ್ಟಳು. ಬೆಳಿಗ್ಗೆ ಎದ್ದು ಗೇಟಿನ ಹತ್ತಿರ ಹೋಗಿ ಅಗುಳಿ ತೆಗೆಯುವುದು, ಸೊಂಟದಿಂದ ನೂಕುವುದು, ಅಗುಳಿ ಹಾಕುವುದು.

"ಬೈಬೇಕು ಅಂತಿದ್ದೆನಲ್ಲ, ಬೈದಿದಾನೆ ನೋಡು," ಎಂದಳು ನನಗೆ. "ಗೇಟು ತೆರೆದಿಟ್ಟದ್ದು ನೀನು ಅಂತ ಲೋಕದ ಮುಂದೆ ಹೇಳಿ ಹೋಗಿದಾನೆ. ಮನೇಲಿ ಹೇಳೋಕೆ ಅವನಿಗೆ ನಾನು ಹೆಂಡತಿಯಾಗಿ ಉಳಿದೇ ಇರ್ಲಿಲ್ಲ."

"ಹಾಗೆ ಯಾಕಂತೀಯಾ? ಕ್ಷಮಿಸಿದೀನಿ ಅಂತಲೂ ಇದ್ದೀತು."

"ಅವನ ಕಣ್ಣು ನೋಡಿದೆಯಾ? ಕ್ಷಮಿಸೋರ ಕಣ್ಣಾ ಅದು?"

ನಾನು ಅವಳ ಪಕ್ಕ ಕೂತು ಜಪಮಾಲೆ ಹೇಳಿದೆ. ಅವಳು ನನ್ನ ತುಟಿ ನೋಡುತ್ತ ಮಣಿ ಸರಿಸಿದಳು.

ಮುಂದಿನ ಭಾನುವಾರ ಪೂಜೆ ಮುಗಿಸಿ ಇಬ್ಬರೂ ಸಭಾಂಗಣದ ಮುಂದೆ ಬರುತ್ತಿದ್ದೆವು. ರೆಮೋ ಬೀಜದ ಬುಟ್ಟಿ ಜೋಡಿಸುತ್ತಿದ್ದ. ಅಸ್ಸುಂತಾಳನ್ನು ಕಂಡು ಟೋಪಿ ತೆಗೆದ.

"ನೋಡಿದ್ರಾ ಸೋರಾ?" ಎಂದ. "ಹೇಳಿಬಿಟ್ಟನಲ್ಲ, ಪಾಪ. ಈಗಲಾದ್ರೂ ನಿಮ್ಮ ಎದೆ ಹಗುರಾಯ್ತಾ?"

ಅಸ್ಸುಂತಾ ಅವನ ಮುಖವನ್ನೇ ನೋಡುತ್ತ ನಿಂತಳು. "ಏನು ಹೇಳಿದ?"

"ಅಯ್ಯೋ, ನೀವು ಓದ್ಕೊಂಡಿಲ್ವಾ?"

"ಗೇಟು ತೆರೆದಿಟ್ಟದ್ದು ಅನ್ನೋ ತನಕ. ಆಮೇಲೆ ಕತ್ತರಿಸಿದಾರೆ."

ರೆಮೋನ ಬಾಯಿಂದ ಸಿಗರೇಟು ಕೆಳಗೆ ಬಿತ್ತು. "ಕತ್ತರಿಸಿದಾರಾ? ನಾನು ಒಳಗೆ ಹೋಗಿ ನೋಡೋದಿಲ್ಲ ಸೋರಾ. ನನ್ನ ಹೆಣ ನಾನೇ ಯಾಕೆ ನೋಡ್ಲಿ... ಕತ್ತರಿಸಿದಾರಾ? ಅವನಿಗೆ ಅದು ಹೊಳೀಲೇ ಇಲ್ಲ ನೋಡಿ. ಇಷ್ಟು ವರ್ಷ ಸಿನಿಮಾದಲ್ಲಿದ್ರೂ ನಮಗೆ ಬೀಳೋದು ಬಿಟ್ರೆ ಏನು ಗೊತ್ತು?"

"ನೀನು ಅಲ್ಲಿದ್ದೆಯಾ?" ಎಂದು ಕೇಳಿದೆ ನಾನು.

"ಪಕ್ಕದಲ್ಲೇ ಸತ್ತು ಬಿದ್ದಿದ್ದೆ, ಸೋರಾ ಕ್ಲೇಲಿಯಾ. ಅವನ ಮೊಣಕೈ ನನ್ನ ಪಕ್ಕೆಗೆ ಒತ್ತುತಿತ್ತು." ಅವನು ಅಸ್ಸುಂತಾಳ ಕಡೆ ತಿರುಗಿ, ಬೆಳಕು ತನ್ನ ಮುಖದ ಮೇಲೆ ಬೀಳುವಂತೆ ನಿಂತ. "ಅಂಕಿ ಎಣಿಸಯ್ಯಾ ಅಂದ್ರು ನಿರ್ದೇಶಕರು. ಇವನು ಎಣಿಸ್ಲಿಲ್ಲ. ನಿಮ್ಮ ಹೆಸರು ಹಿಡಿದು ಶುರು ಮಾಡಿದ. 'ಅಸ್ಸುಂತಾ, ಈವೋ ಹೋದ ದಿನ ಗೇಟು ತೆರೆದಿಟ್ಟದ್ದು ನಾನು. ವೇಷಕ್ಕೆ ಕಟ್ಟೋ ಕೆಂಪು ವಸ್ತ್ರ ಮರೆತು ವಾಪಸ್ ಓಡಿಬಂದಿದ್ದೆ. ಲಾರಿ ಕಾಯ್ತಿತ್ತು. ನೀನು ಬೆನ್ನು ಹಾಕಿ ಒಗೀತಿದ್ದೆ, ನಿನಗೆ ಗೊತ್ತಾಗ್ಲಿಲ್ಲ. ನಿನಗೆ ಹೇಳೋ ಧೈರ್ಯ ನನಗಿರ್ಲಿಲ್ಲ.' ಇಷ್ಟು ಹೇಳಿ ಕಣ್ಣು ಮುಚ್ಚಿದ. ಆ ಪೈಲ್ವಾನನಿಗೆ ನಮ್ಮ ಭಾಷೆ ಬರಲ್ವಲ್ಲ, ಸುಮ್ಮನೆ ತಲೆ ಸವರಿದ. ನಿರ್ದೇಶಕರು ಭೇಷ್ ಭೇಷ್ ಅಂದ್ರು. ನಾನು ಹೆಣ. ಹೆಣ ಅಳಬಾರ್ದಲ್ಲ. ಕಷ್ಟಪಟ್ಟು ಮಲಗಿದ್ದೆ."

ಅಸ್ಸುಂತಾಳ ತುಟಿಗಳು ಅವನ ತುಟಿಗಳ ಜೊತೆಯಲ್ಲೇ ಅಲ್ಲಾಡುತ್ತಿದ್ದವು.

"ಊಟದ ಹೊತ್ತಲ್ಲಿ ನಾನೇ ಬೈದೆ," ಎಂದು ರೆಮೋ ಮುಂದುವರಿಸಿದ. "ಕತ್ತೆ, ಮನೇಗೆ ಹೋಗಿ ಹೇಳು ಅಂದೆ. ಆಗಲ್ಲ ರೆಮೋ, ನಾನು ಬಾಯಿ ತೆಗೆದ್ರೆ ಅವಳ ಕಣ್ಣೆಲ್ಲ ನನ್ನ ಬಾಯಿ ಮೇಲೇ ಇರುತ್ತೆ, ಆ ಕಣ್ಣು ನೋಡ್ತಾ ಹೇಳೋಕಾಗಲ್ಲ ಅಂದ. ಸಿನಿಮಾ ಚರ್ಚಿಗೆ ಬರುತ್ತೆ, ಇಡೀ ಸಭಾಂಗಣದಲ್ಲಿ ಅವಳೊಬ್ಳೇ ಓದ್ಕೋತಾಳೆ, ನಾನು ಹಿಂದಿನ ಸಾಲಲ್ಲಿ ಕೂತಿರ್ತೀನಿ, ಅವಳು ತಿರುಗಿ ನೋಡಿದ್ರೆ ಮನೆಗೆ ಹೋಗ್ತೀನಿ, ಇಲ್ದಿದ್ರೆ ಇಲ್ಲ ಅಂದ. ಕಿತ್ತಳೆ ಜೇಬಿಗೆ ಹಾಕ್ಕೊಂಡು ಎದ್ದುಹೋದ."

ನನಗೆ ಒಂದು ಕ್ಷಣ ಅನುಮಾನ ಬಂತು. ವಿಧವೆಯ ಸಂಕಟ ನೋಡಲಾರದೆ ರೆಮೋ ಹೊಸೆದು ಹೇಳುತ್ತಿದ್ದಾನೆಯೆ? ಅಸ್ಸುಂತಾ ಅದಕ್ಕೆ ಎಡೆಯೇ ಕೊಡಲಿಲ್ಲ.

"ಡ್ರಾಯರು ತೆರೆದಿತ್ತು," ಎಂದಳು. "ಅವತ್ತು ಸಂಜೆ ಬಟ್ಟೆ ಡ್ರಾಯರು ತೆರೆದೇ ಇತ್ತು. ಮಗು ಎಳೆದಾಡಿರಬೇಕು ಅಂತ ಅದನ್ನ ಹಿಡ್ಕೊಂಡು ಅತ್ತಿದ್ದೆ." ಆಮೇಲೆ ಹೇಳಿದಳು: "ಆ ವಸ್ತ್ರ ಅವನ ಕುತ್ತಿಗೇಲೇ ಇತ್ತಲ್ಲ ಕ್ಲೇಲಿಯಾ. ಮಗು ಪಕ್ಕ ಕೂತಾಗ ಕುತ್ತಿಗೇಲೇ ಇತ್ತು. ನನ್ನ ಕಣ್ಣ ಮುಂದೇನೇ ಇತ್ತು."

ಮನೆಗೆ ಬಂದ ಮೇಲೆ ಅವಳಿಗೆ ಕೋಪ ಬಂತು. ಅಷ್ಟು ಕೋಪವನ್ನು ನಾನು ಅವಳಲ್ಲಿ ಕಂಡಿರಲಿಲ್ಲ. ಅವನ ಕೋಟನ್ನು ಗೂಟದಿಂದ ಕಿತ್ತು ನೆಲಕ್ಕೆ ಬಡಿದಳು.

"ಹೇಡಿ! ಲೋಕಕ್ಕೆಲ್ಲ ಬಾಯಿ ತೋರಿಸ್ದ, ನನಗೆ ಬಿಟ್ಟು! ಹೇಳಿದ್ರೆ ನಾನೇನು ಮಾಡ್ತಿದ್ದೆ? ನಾನೂ ಹೇಳ್ತಿದ್ದೆ, ನಾನೇ ಅಂದ್ಕೊಂಡಿದ್ದೆ ಕಣೋ ಇಷ್ಟು ದಿನ, ನಾನೇ ಅಂತ! ಇಬ್ರೂ ಕೂತು ಅಳಬಹುದಿತ್ತು. ಒಂದೇ ಮೇಜಲ್ಲಿ ಉಂಡು, ಒಂದೇ ಹಾಸಿಗೇಲಿ ಮಲಗಿ, ಒಬ್ಬೊಬ್ರೇ ಅತ್ವಲ್ಲೋ!"

ವಠಾರದವರೆಲ್ಲ ಬಾಗಿಲಿಗೆ ಬಂದರು. ನಾನು ಕೈಸನ್ನೆ ಮಾಡಿ ಕಳಿಸಿದೆ. ಆಮೇಲೆ ಅವಳೇ ಕೋಟನ್ನು ಎತ್ತಿ, ಧೂಳು ಕೊಡವಿ, ಜೇಬಿಗೆ ಕೈ ಹಾಕಿದಳು. ಒಣಗಿದ ಕಿತ್ತಳೆ ಸಿಪ್ಪೆಯ ಚೂರೊಂದಿತ್ತು. ಮೂಸಿ ನೋಡಿ ಅಲ್ಲೇ ಇಟ್ಟಳು.

ಓರೆಸ್ತೆ ಯಾಕೆ ಪರಮಪ್ರಸಾದಕ್ಕೆ ಬರುತ್ತಿರಲಿಲ್ಲವೆಂದು ನನಗೆ ಅರ್ಥವಾದದ್ದು ಅಂದು. ಹೇಳಿಕೊಳ್ಳದ ಪಾಪ ಹೊತ್ತವರು ಅದನ್ನು ಮುಟ್ಟುವುದಿಲ್ಲ. ನಾನು ಬೇಡಿಕೊಂಡದ್ದು ಅವನ ಕೋಪ ಇಳಿಯಲೆಂದು. ಅವನಿಗೆ ಬೇಕಿದ್ದದ್ದು ಬೇರೆ. ದೇವರಿಗೆ ನಮ್ಮ ಪ್ರಾರ್ಥನೆಯನ್ನು ತಿದ್ದಿಕೊಂಡು ಕೇಳಿಸಿಕೊಳ್ಳುವ ಕರುಣೆ ಇದೆಯೆಂದು ನಂಬಿದ್ದೇನೆ.

ಸಕಲ ಮೃತರ ದಿನ ಹತ್ತಿರ ಬಂತು. ನಮ್ಮಲ್ಲಿ ಸಮಾಧಿಯ ಕಲ್ಲಿಗೆ ಪಿಂಗಾಣಿಯಲ್ಲಿ ಸುಟ್ಟ ಭಾವಚಿತ್ರ ಅಂಟಿಸುತ್ತಾರೆ. ಓರೆಸ್ತೆಯ ಕಲ್ಲಿನ ಮೇಲಿದ್ದದ್ದು ಮೀಸೆಯ ಚಿತ್ರ. ಅಸ್ಸುಂತಾ ರೆಮೋನನ್ನು ಸ್ಟುಡಿಯೋಗೆ ಕಳಿಸಿ, ಗೋಡೆಗೆ ಅಂಟಿ ಉಳಿದಿದ್ದ ಸಿನಿಮಾದ ಫೋಟೋ ಒಂದನ್ನು ತರಿಸಿದಳು. ತಲೆಗೆ ವಸ್ತ್ರ ಕಟ್ಟಿದ, ಕಿವಿಗೆ ಬಳೆಯಂಥ ಓಲೆ ಹಾಕಿದ, ಬಾಯಿ ಅರೆ ತೆರೆದ ಚುಕ್ಕಾಣಿಗಾರ.

"ಕ್ರೈಸ್ತರ ಸ್ಮಶಾನದಲ್ಲಿ ಕಡಲುಗಳ್ಳನಾ ಅಸ್ಸುಂತಾ?" ಎಂದು ದೋನ್ ಪ್ಲಾಚಿದೋ ತಲೆ ಕೆರೆದುಕೊಂಡರು. "ಪಕ್ಕದ ಸಮಾಧಿ ಕರ್ನಲ್ ಒಬ್ಬರದು. ಅವರ ಮನೆಯವರು ನನ್ನ ಜೀವ ತಿಂತಾರೆ."

"ಕರ್ನಲ್ಲಿಗೆ ಹೇಳಿ ಗುರುಗಳೇ, ಇವನು ಯಾರಿಗೂ ಗುಂಡು ಹೊಡೀಲಿಲ್ಲ, ಹೊಡೆಸ್ಕೊಂಡ ಅಷ್ಟೇ. ಇವನ ಬಾಯಿ ಕಾಣೋ ಚಿತ್ರ ಇದೊಂದೇ ನನ್ನ ಹತ್ರ ಇರೋದು."

ಗುರುಗಳು ಒಪ್ಪಿಗೆ ಚೀಟಿ ಬರೆದುಕೊಟ್ಟರು.

ಆ ದಿನ ಸೇವಂತಿಗೆ ಹಿಡಿದು ನಾನೂ ಹೋಗಿದ್ದೆ. ಒಂದೇ ಕಲ್ಲಿನಡಿ ಅಪ್ಪ ಮಗ ಇಬ್ಬರೂ ಇದ್ದಾರೆ. ಅಸ್ಸುಂತಾ ಹೂವಿಟ್ಟು, ಮಂಡಿಯೂರಿ, ಚಿತ್ರದ ಮುಖಕ್ಕೆ ಮುಖ ಕೊಟ್ಟು ಕೂತಳು. ಅವಳು ಏನು ಹೇಳಿದಳೋ ಪೂರ್ತಿ ನನಗೆ ತಿಳಿಯದು, ದನಿಯಿಲ್ಲದೆ ತುಟಿಯಷ್ಟೇ ಆಡಿಸುತ್ತಿದ್ದಳು, ಓದಲು ನನಗೆ ಬಾರದು. ಕೊನೆಗೆ ಮಾತ್ರ ದನಿ ಹೊರಟಿತು. "ಈವೋ," ಎಂದಳು. ಅಷ್ಟು ವರ್ಷಗಳ ಮೇಲೂ ಆ ಹೆಸರು ಒಡೆದಿರಲಿಲ್ಲ. ಅಕ್ಕಪಕ್ಕದ ಸಮಾಧಿಗಳಿಗೆ ಬಂದಿದ್ದವರು ಯಾರೋ ಮಗುವನ್ನು ಕರೆಯುತ್ತಿದ್ದಾರೆಂದು ತಿರುಗಿ ನೋಡಿದರು.

ಇದನ್ನು ಬರೆಯುತ್ತಿರುವಾಗಲೇ, ಕಳೆದ ಭಾನುವಾರ, ಟಿವಿಯಲ್ಲಿ ಚುಕ್ಕಾಣಿಗಾರ ಸತ್ತ. ಈ ವಾರ ಸಾಯುತ್ತಾನೆಂದು ನಾನು ಮೊದಲೇ ಹೇಳಿದ್ದರಿಂದ ಅಸ್ಸುಂತಾ ನಮ್ಮ ಮನೆಗೆ ಬಂದು ಕುರ್ಚಿಯನ್ನು ಟಿವಿಯ ಮುಂದಕ್ಕೆ ಎಳೆದುಕೊಂಡಳು. ಹೊಸ ಚುಕ್ಕಾಣಿಗಾರ ಚೆಲುವ, ಹೆಸರಾದ ನಟ. ಲೆವಾಂತೆಯ ತೋಳಲ್ಲಿ ಬಾವುಟದ ಮಾತನ್ನು ಕೊನೆಯವರೆಗೂ ಹೇಳಿದ. ಈ ಸಲ ಕತ್ತರಿಸಿರಲಿಲ್ಲ, ಪೂರ್ತಿ ಬಾಯಿ ಕಾಣಿಸಿತು. ನನಗೆ ಕೇಳಿಸಿದ್ದೂ ಅವಳು ಓದಿದ್ದೂ ಒಂದೇ ಇರಬೇಕು.

"ಏನಂದ?" ಎಂದು ಕೇಳಿದೆ.

"ಬಾವುಟ ಅಂದ, ಅಷ್ಟೇ," ಎಂದಳು. "ಅವನಿಗೆ ಮನೇಲಿ ಯಾರಿಗೂ ಏನೂ ಹೇಳೋದು ಉಳಿದಿಲ್ಲ. ಪುಣ್ಯವಂತ."

ಎದ್ದು ಕುರ್ಚಿಯನ್ನು ಮೊದಲಿದ್ದ ಜಾಗದಲ್ಲಿಟ್ಟು ಮನೆಗೆ ಹೊರಟಳು. ಅಂಗಳ ದಾಟುವಾಗ ಗೇಟಿನ ಹತ್ತಿರ ನಿಂತಳು. ಅಗುಳಿ ಹಾಕಿಯೇ ಇತ್ತು. ಆದರೂ ಒಮ್ಮೆ ಮುಟ್ಟಿ ನೋಡಿ ಒಳಗೆ ಹೋದಳು.